ಇಟ್ಟಿಗೆಯ ಶಿಖರ ಹೊತ್ತ ಕಲ್ಲಿನ ರಥ

ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ವಿರಳ. ಹಂಪೆಗೆ ಹೋಗದವರೂ ಅದನ್ನು ಕಂಡಿರುತ್ತಾರೆ: ಪಠ್ಯಪುಸ್ತಕದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ೨೦೧೭ರಿಂದೀಚೆಗೆ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ. ಗರುಡನಿಗಾಗಿ ರಥದ ಆಕೃತಿಯಲ್ಲಿ ನಿರ್ಮಿಸಿದ ಈ ಗುಡಿಯ ಚಪ್ಪಟೆ ಮೇಲ್ಛಾವಣಿ ನಮ್ಮ ಕಣ್ಣಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಶಿಲ್ಪಿಗಳು ಅದನ್ನು ಹಾಗೆಯೇ ರೂಪಿಸಿದ್ದರೆಂದು ನಂಬಿದ್ದೇವೆ. ಆದರೆ ೧೮೫೬ರ ಸುಮಾರಿಗೆ ತೆಗೆದ ಒಂದು ಛಾಯಾಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ನಿಂತಿದೆ. ಮುಂದೆ ಅದನ್ನು ಇಳಿಸಲಾಯಿತು. ನಮ್ಮ ಊರುಗಳ ತೇರುಗಳನ್ನು ನೆನೆದರೆ ಈ ಚಿತ್ರದಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಗಾಲಿಗಳ ಮೇಲೆ ಕೆತ್ತನೆಯ ಪೀಠ, ಅದರ ಮೇಲೆ ದೇವರ ಮಂಟಪ, ಅದರ ಮೇಲೆ ಎತ್ತರಕ್ಕೇರಿದ ಶಿಖರ, ಇದಲ್ಲವೇ ತೇರು? ಇಂದು ನಾವು ಶಿಲ್ಪವೆಂದು ಮೆಚ್ಚುತ್ತಿರುವುದು ಮೇಲ್ಭಾಗವನ್ನು ಕಳೆದುಕೊಂಡ ತೇರನ್ನು.

ಈ ಸಂಗತಿಯನ್ನು ನಮಗೆ ಕಣ್ಣಾರೆ ತೋರಿಸುವ ಚಿತ್ರವನ್ನು ತೆಗೆದವನು ಅಲೆಕ್ಸಾಂಡರ್ ಜಾನ್ ಗ್ರೀನ್‌ಲಾ. ಈತ ಮದರಾಸು ಸೈನ್ಯದ ಅಧಿಕಾರಿ. ಇತಿಹಾಸಕಾರನೂ ಅಲ್ಲ, ವೃತ್ತಿನಿರತ ಚಿತ್ರಗಾರನೂ ಅಲ್ಲ. ಬಳ್ಳಾರಿಯ ದಂಡಿನಲ್ಲಿದ್ದಾಗ, ಅಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಹಂಪೆಗೆ ತನ್ನ ದೊಡ್ಡ ಪೆಟ್ಟಿಗೆಯೊಡನೆ ಬಂದು, ೧೮೫೫-೫೬ರ ಅವಧಿಯಲ್ಲಿ ಅರವತ್ತರಷ್ಟು ಚಿತ್ರಗಳನ್ನು ತೆಗೆದ. ಆ ಹೊತ್ತಿಗೆ ವಿಜಯನಗರವು ಹಾಳಾಗಿ ಇನ್ನೂರ ತೊಂಬತ್ತು ವರ್ಷಗಳು ಕಳೆದಿದ್ದವು. ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ಪ್ರಕಟವಾಗಿ ಹದಿನೇಳು ವರ್ಷಗಳಾಗಿದ್ದವಷ್ಟೆ.

ಆತ ಬಳಸಿದ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಕೈಯಲ್ಲಿರುವ ಮೊಬೈಲನ್ನು ಎತ್ತಿ ಕ್ಷಣಾರ್ಧದಲ್ಲಿ ಹತ್ತು ಚಿತ್ರ ತೆಗೆಯುವ ನಮಗೆ ಆ ಶ್ರಮದ ಕಲ್ಪನೆ ಸುಲಭವಾಗಿ ಬಾರದು. ಗಾಜಿನ ಫಲಕಗಳು ಆಗಲೇ ಬಳಕೆಗೆ ಬಂದಿದ್ದರೂ ಅವಕ್ಕೆ ಹಚ್ಚಿದ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ಬಹಳ ಕಷ್ಟದ ಕೆಲಸ. ಅದಕ್ಕೆ ಬದಲಾಗಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೧ರಲ್ಲಿ ಪ್ರಕಟಿಸಿದ ಮೇಣಗಾಗದದ ವಿಧಾನವು ಪ್ರವಾಸಿಗರಿಗೆ ಹೆಚ್ಚು ಅನುಕೂಲಕರವಾಗಿತ್ತು. ತೆಳುವಾದ ಕಾಗದಕ್ಕೆ ಮೇಣವನ್ನು ಕರಗಿಸಿ ಇಂಗಿಸುವುದು, ಅದನ್ನು ಅಯೋಡೈಡ್ ಲವಣದ ನೀರಿನಲ್ಲಿ ನೆನೆಸಿ ಒಣಗಿಸುವುದು, ಬಳಿಕ ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದುವುದು. ಹೀಗೆ ಸಿದ್ಧವಾದ ಹಾಳೆಗಳನ್ನು ಕೆಲವು ದಿನಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ಬೀಡಿನಲ್ಲಿ ಹಾಳೆಗಳನ್ನು ಸಿದ್ಧಪಡಿಸಿಕೊಂಡು ಹೊರಟು, ಚಿತ್ರ ತೆಗೆದು, ಮರಳಿ ಬಂದು ಗ್ಯಾಲಿಕ್ ಆಮ್ಲದಲ್ಲಿ ಅದನ್ನು ಅರಳಿಸಿದರೆ ಸಾಕು.

ಆ ಕಾಲದಲ್ಲಿ ಚಿತ್ರವನ್ನು ಹಿಗ್ಗಿಸುವ ರೂಢಿ ಇರಲಿಲ್ಲ. ಋಣಪ್ರತಿ ಎಷ್ಟು ದೊಡ್ಡದೋ ಮುದ್ರಿತ ಚಿತ್ರವೂ ಅಷ್ಟೇ ದೊಡ್ಡದು. ಗ್ರೀನ್‌ಲಾನ ಹಾಳೆಗಳು ಸುಮಾರು ಹದಿನಾರು ಅಂಗುಲ ಅಗಲ, ಹದಿನೆಂಟು ಅಂಗುಲ ಉದ್ದ. ಅಂದರೆ ಅಷ್ಟು ದೊಡ್ಡ ಹಾಳೆಯನ್ನು ಒಳಗೊಳ್ಳುವ ಮರದ ಪೆಟ್ಟಿಗೆಯೂ ಅದನ್ನು ನಿಲ್ಲಿಸುವ ಮುಕ್ಕಾಲಿಯೂ ಹಂಪೆಯ ಬಂಡೆಗಳ ನಡುವೆ ಚಲಿಸಬೇಕಾಗಿತ್ತು. ಅದನ್ನು ಹೊತ್ತವರ ಹೆಸರುಗಳು ಚರಿತ್ರೆಯಲ್ಲಿಲ್ಲ. ಮಸೂರವನ್ನು ಹಲವು ನಿಮಿಷಗಳ ಕಾಲ ತೆರೆದಿಡಬೇಕಾಗಿದ್ದುದರಿಂದ, ಎದುರಿಗೆ ನಡೆದುಹೋದ ಮನುಷ್ಯನಾಗಲಿ ದನವಾಗಲಿ ಕಾಗದದಲ್ಲಿ ದಾಖಲಾಗಲಿಲ್ಲ. ಅಲುಗದೆ ನಿಂತದ್ದು ಮಾತ್ರ ಉಳಿಯಿತು. ಗ್ರೀನ್‌ಲಾನ ಹಂಪೆ ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಚಿತ್ರಗಳನ್ನು ನೋಡಿ ಹಂಪೆಯು ಜನರೇ ಇಲ್ಲದ ಊರಾಗಿತ್ತೆಂದು ಭಾವಿಸುವುದು ಸರಿಯಲ್ಲ. ವಿರೂಪಾಕ್ಷನ ಪೂಜೆ ೧೫೬೫ರ ನಂತರವೂ ನಡೆದುಕೊಂಡು ಬಂದಿದೆ.

ಗ್ರೀನ್‌ಲಾನಿಗಿಂತ ಅರ್ಧ ಶತಮಾನ ಮೊದಲು ಹಂಪೆಯನ್ನು ಅಳತೆಗೋಲು ಕುಂಚಗಳೊಡನೆ ನೋಡಿದವನು ಕಾಲಿನ್ ಮೆಕೆಂಜಿ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಆತ ಅಲ್ಲಿನ ಅವಶೇಷಗಳ ನಕ್ಷೆಯನ್ನು ಸಿದ್ಧಪಡಿಸಿದ್ದ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿಯ ಹೊಣೆ ಹೊತ್ತು ಸುಮಾರು ೪೦,೦೦೦ ಚದರ ಮೈಲಿಗಳಷ್ಟು ನೆಲವನ್ನು ಅಳೆಯಿಸಿದ ಈತ, ಭೂಮಿಯ ಅಳತೆಗಷ್ಟೇ ತೃಪ್ತನಾಗದೆ ಹೋದಲ್ಲೆಲ್ಲ ಶಾಸನ, ಕೈಫಿಯತ್ತು, ತಾಳೆಗರಿಗಳನ್ನು ಕೂಡಿಹಾಕಿದ. ೧೮೨೧ರಲ್ಲಿ ಆತ ತೀರಿಕೊಂಡ ಮೇಲೆ ವಿಲ್ಸನ್ ಸಿದ್ಧಪಡಿಸಿದ ಪಟ್ಟಿಯಲ್ಲಿ ೮,೦೭೬ ಶಾಸನ ಪ್ರತಿಗಳೂ ೨,೬೩೦ ಚಿತ್ರಗಳೂ ಸೇರಿವೆ.

ಮೆಕೆಂಜಿಗೆ ಕನ್ನಡ ಬಾರದು. ಹಳಗನ್ನಡದ ಮಾತಂತೂ ದೂರವೇ ಉಳಿಯಿತು. ಶಾಸನದ ಕಲ್ಲು ಮಾತಾಡಿದ್ದು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನ ಬಾಯಿಂದ. ಥಾಮಸ್ ಹಿಕಿ ಎಂಬ ಚಿತ್ರಕಾರ ೧೮೧೬ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಅಧಿಕಾರಿಯೊಡನೆ ಮೂವರು ಭಾರತೀಯ ಸಹಾಯಕರು ಅದರಲ್ಲಿದ್ದಾರೆ. ತಾಳೆಗರಿಯ ಕಟ್ಟನ್ನು ಹಿಡಿದಿರುವವನನ್ನು ಧರ್ಮಯ್ಯನೆಂದು ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದ ಮೇಲೆ ದೂರದಲ್ಲಿ ಗೊಮ್ಮಟನ ಮೂರ್ತಿ. ಸ್ಕಾಟ್‌ಲೆಂಡಿನ ದ್ವೀಪವೊಂದರಲ್ಲಿ ಹುಟ್ಟಿದ ಅಧಿಕಾರಿಯು ತನ್ನ ಜೀವಮಾನದ ಕೆಲಸದ ಗುರುತಾಗಿ ತನ್ನ ಚಿತ್ರದಲ್ಲಿ ಒಬ್ಬ ಜೈನ ಪಂಡಿತನನ್ನೂ ಒಂದು ಜೈನ ಮೂರ್ತಿಯನ್ನೂ ಸೇರಿಸಿಕೊಂಡದ್ದು ಗಮನಿಸತಕ್ಕದ್ದು. ನಮ್ಮ ಪಠ್ಯಗಳಲ್ಲಿ ಮೆಕೆಂಜಿಗೆ ದೊರೆತಿರುವ ಸ್ಥಳದ ಹತ್ತನೆಯ ಒಂದು ಪಾಲೂ ಧರ್ಮಯ್ಯನಿಗೆ ದೊರೆತಿಲ್ಲ.

ಅದೇ ಮಲೆಯೂರಿನ, ಅಂದರೆ ಕನಕಗಿರಿಯ, ಇನ್ನೊಬ್ಬ ವಿದ್ವಾಂಸ ದೇವಚಂದ್ರ. ೧೮೦೪ರ ಸುಮಾರಿನಲ್ಲಿ ಮೆಕೆಂಜಿಯು ಆ ಕ್ಷೇತ್ರಕ್ಕೆ ಬಂದು ಸ್ಥಳಪುರಾಣವನ್ನು ವಿಚಾರಿಸಿದಾಗ ಹೇಳಿದವನು ಈತನೇ. ಬಳಿಕ ಎರಡು ತಿಂಗಳ ಕಾಲ ಅವನ ಬೀಡಿನ ಜೊತೆಯಲ್ಲಿ ಸಂಚರಿಸಿದನೆಂದು ತಿಳಿದುಬರುತ್ತದೆ. ಆ ಸಂಚಾರದಲ್ಲಿ ಹುಟ್ಟಿದ ಒತ್ತಾಸೆ ದೇವಚಂದ್ರನಲ್ಲಿ ಮೂರು ದಶಕಗಳ ಕಾಲ ಆರಲಿಲ್ಲ. ‘ರಾಜಾವಳಿ ಕಥೆ’ಯು ೧೮೩೮ರಲ್ಲಿ ಮುಗಿಯಿತು, ಮೈಸೂರು ಅರಮನೆಯ ದೇವೀರಾಂಬೆಗಾಗಿ ೧೮೪೧ರಲ್ಲಿ ಅದು ಮತ್ತಷ್ಟು ಬೆಳೆಯಿತು. ಜೈನ ಪರಂಪರೆ, ಅರಸು ಮನೆತನಗಳು, ಕವಿಗಳ ಸಂಗತಿಗಳು ಎಲ್ಲ ಒಂದೆಡೆ ಕಲೆತ ಆ ಗದ್ಯಗ್ರಂಥದಲ್ಲಿ ಐತಿಹ್ಯವೂ ಇತಿಹಾಸವೂ ಬೇರ್ಪಡಿಸಲಾರದಂತೆ ಹೆಣೆದುಕೊಂಡಿವೆ. ಅದನ್ನು ಆಧಾರವಾಗಿ ಬಳಸುವವರು ಎಚ್ಚರದಿಂದಿರಬೇಕಾದ್ದು ನಿಜ. ಆದರೂ ಭದ್ರಬಾಹು ಚಂದ್ರಗುಪ್ತರ ಕಥೆಯನ್ನು ಪರಿಶೀಲಿಸಲು ಹೊರಟ ಮುಂದಿನ ಸಂಶೋಧಕರೆಲ್ಲ ಆ ಗ್ರಂಥದ ಬಾಗಿಲನ್ನು ತಟ್ಟಿಯೇ ಹೋಗಿದ್ದಾರೆ. ಪ್ರವಾಸಿಯು ನಾಡಿನಿಂದ ಸ್ಫೂರ್ತಿ ಪಡೆಯುವನೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ಪ್ರವಾಸಿ ಕೇಳಿದ ಒಂದು ಪ್ರಶ್ನೆಯಿಂದ ಮನೆಯಲ್ಲೇ ಇದ್ದ ಪಂಡಿತ ತನ್ನ ನಾಡನ್ನು ಹೊಸದಾಗಿ ಕಂಡ.

ಮೆಕೆಂಜಿಯ ಚಿತ್ರಗಾರರ ಕುಂಚವನ್ನು ೧೮೫೦ರ ದಶಕದಲ್ಲಿ ಮಸೂರವು ಪಕ್ಕಕ್ಕೆ ಸರಿಸಿತು. ೧೮೫೪ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಡಾ. ನೀಲ್ ಜೊತೆಯಲ್ಲಿ ಹಳೆಬೀಡು, ಬೇಲೂರುಗಳ ಚಿತ್ರಗಳನ್ನು ತೆಗೆದು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಇಟ್ಟ. ಬೊಂಬಾಯಿ ಸರ್ಕಾರವು ೧೮೫೫ರಲ್ಲಿ ಕ್ಯಾಪ್ಟನ್ ಬಿಗ್ಸ್‌ನನ್ನೂ ಅವನ ತರುವಾಯ ಡಾ. ಪಿಗೂನನ್ನೂ ಇದೇ ಕೆಲಸಕ್ಕೆ ನೇಮಿಸಿತು. ಇವರ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಸಂಪುಟವಾಗಿ ೧೮೬೬ರಲ್ಲಿ ಲಂಡನ್ನಿನಿಂದ ಹೊರಬಂದವು. ಅದಕ್ಕೆ ಬರೆಹವನ್ನು ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯೂಸನ್. ಭಾರತದ ವಾಸ್ತುವಿನ ಇತಿಹಾಸವನ್ನು ಮೊದಲಬಾರಿಗೆ ವ್ಯವಸ್ಥಿತವಾಗಿ ಬರೆದ ಕೀರ್ತಿ ಈ ಫರ್ಗ್ಯೂಸನ್ನನದು. ಆತ ೧೮೩೦ರ ದಶಕದಲ್ಲಿ ಭಾರತವನ್ನು ಸುತ್ತಿದ್ದವನೇ. ಆದರೆ ೧೮೭೬ರ ಅವನ ಮಹಾಗ್ರಂಥದ ಬಹುಪಾಲು ಸಾಮಗ್ರಿ ಲಂಡನ್ನಿನ ಮನೆಯಲ್ಲಿ ಕುಳಿತು ನೋಡಿದ ಛಾಯಾಚಿತ್ರಗಳಿಂದ ದೊರೆತದ್ದು.

ಅದರ ಫಲವನ್ನು ಮೂಡುಬಿದಿರೆಯ ವಿಷಯದಲ್ಲಿ ಕಾಣಬಹುದು. ಅಲ್ಲಿನ ಬಸದಿಗಳ ಅಂತಸ್ತು ಅಂತಸ್ತಾದ ಇಳಿಜಾರು ಮಾಡುಗಳನ್ನು ಚಿತ್ರಗಳಲ್ಲಿ ಕಂಡು ಫರ್ಗ್ಯೂಸನ್ ಅವುಗಳ ಹತ್ತಿರದ ಹೋಲಿಕೆಯನ್ನು ನೇಪಾಳದಲ್ಲಿ ಹುಡುಕಿದ. ಹೋಲಿಕೆ ಕಣ್ಣಿಗೆ ನಿಜವೇ. ಆದರೆ ಆಷಾಢದ ಒಂದು ದಿನ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ನಿಂತವನಿಗೆ ಆ ಮಾಡು ಏಕೆ ಹಾಗಿದೆಯೆಂದು ಕೇಳಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಸುರಿಯುವ ಮಳೆಯೇ ಉತ್ತರ ಹೇಳುತ್ತದೆ. ಸುತ್ತಲಿನ ಮನೆಗಳ ಮಾಡುಗಳೂ ಅದೇ ಉತ್ತರವನ್ನು ಹೇಳುತ್ತವೆ. ಛಾಯಾಚಿತ್ರಕ್ಕೆ ಮಳೆ ಗೊತ್ತಿಲ್ಲ.

ಹಂಪೆಯಲ್ಲಿಯೂ ಇಂಥದೊಂದು ಸಂಗತಿ ನಡೆದಿದೆ. ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕೆ ಹೇಮಕೂಟದ ಬಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಗುಡಿಗಳಿವೆ. ಹತ್ತೊಂಬತ್ತನೆಯ ಶತಮಾನದ ಚಿತ್ರಗಳ ಅಡಿಬರಹಗಳಲ್ಲಿಯೂ ವರ್ಣನೆಗಳಲ್ಲಿಯೂ ಇವುಗಳನ್ನು ಜೈನ ದೇವಾಲಯಗಳೆಂದು ಕರೆಯುವ ವಾಡಿಕೆ ಬೆಳೆಯಿತು. ಇಂದಿಗೂ ಕೆಲವು ಪ್ರವಾಸಿ ಕೈಪಿಡಿಗಳಲ್ಲಿ ಆ ಮಾತು ಉಳಿದಿದೆ. ಶಿಖರದ ಆಕಾರವೊಂದೇ ಇದಕ್ಕೆ ಕಾರಣ. ವಾಸ್ತವದಲ್ಲಿ ಇವು ಶಿವಾಲಯಗಳು. ಇವುಗಳಲ್ಲೊಂದು ತ್ರಿಕೂಟದ ಶಾಸನವು ಕಂಪಿಲಿಯ ಅರಸನಾದ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದ್ದನ್ನು ಹೇಳುತ್ತದೆ. ಜೈನರ ಇತಿಹಾಸವನ್ನು ಬರೆಯುವವರು ತಮ್ಮದಲ್ಲದ್ದನ್ನು ತಮ್ಮದೆಂದು ಹೇಳಿಕೊಳ್ಳುವ ಅಗತ್ಯವಿಲ್ಲ. ಹಂಪೆಯ ನಿಜವಾದ ಜಿನಾಲಯಗಳಲ್ಲಿ ಮುಖ್ಯವಾದುದು ಕಮಲಾಪುರದ ಸಮೀಪದಲ್ಲಿದೆ. ಆದರೆ ಅದನ್ನು ಜನ ಕರೆಯುವುದು ಗಾಣಗಿತ್ತಿ ಗುಡಿಯೆಂದು. ಆ ಹೆಸರಿನಿಂದ ಯಾರಿಗೂ ಅದು ಬಸದಿಯೆಂದು ತಿಳಿಯುವುದಿಲ್ಲ. ಮುಂದಿರುವ ಎತ್ತರದ ಕಂಬದ ಮೇಲೆ ಶಕ ೧೩೦೭ರ, ಎಂದರೆ ಕ್ರಿ.ಶ. ೧೩೮೫-೮೬ರ ಶಾಸನವಿದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥು ಜಿನನಾಥನ ಚೈತ್ಯಾಲಯವನ್ನು ಶಿಲೆಯಲ್ಲಿ ಕಟ್ಟಿಸಿದನೆಂಬುದನ್ನು ಅದು ತಿಳಿಸುತ್ತದೆ. ಚಿತ್ರವನ್ನು ನೋಡಿ ಹೇಮಕೂಟಕ್ಕೆ ಬಂದ ಶ್ರಾವಕನು ಶಿವಾಲಯಕ್ಕೆ ಕೈಮುಗಿದು ಮರಳಬಹುದು. ಕೈಮುಗಿದದ್ದರಿಂದ ಹಾನಿಯೇನಿಲ್ಲ, ಆದರೆ ಇರುಗಪ್ಪನ ಬಸದಿಯನ್ನು ನೋಡದೆ ಹೋದದ್ದು ಹಾನಿಯೇ.

ಇಷ್ಟು ಹೇಳಿದ ಮಾತ್ರಕ್ಕೆ ಛಾಯಾಚಿತ್ರವು ದಾರಿ ತಪ್ಪಿಸುತ್ತದೆಂದು ತೀರ್ಮಾನಿಸಬಾರದು. ಮೈಸೂರಿನ ಶಾಸನಾಧ್ಯಯನದ ಒಂದು ಬೇರು ಛಾಯಾಚಿತ್ರದಲ್ಲಿಯೇ ಇದೆ. ೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬಾತ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮೊದಲಾದೆಡೆಗಳ ನೂರೈವತ್ತರಷ್ಟು ಶಾಸನಗಳ ಚಿತ್ರಗಳನ್ನು ತೆಗೆದ. ಅವುಗಳನ್ನು ಓದಿ ಅನುವಾದಿಸುವ ಕೆಲಸ ಬಿ. ಎಲ್. ರೈಸ್ ಅವರ ಪಾಲಿಗೆ ಬಂತು. ೧೮೭೯ರಲ್ಲಿ ಅವರ ಮೊದಲ ಶಾಸನಗ್ರಂಥ ಪ್ರಕಟವಾಯಿತು. ಕಲ್ಲಿನ ಮೇಲಿನ ಅಕ್ಷರ ಚಿತ್ರದಲ್ಲಿ ಮೂಡಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಪಾಚಿ ಕಟ್ಟಿದ, ಸವೆದ ಸಾಲುಗಳ ಮುಂದೆ ಮಸೂರವು ಸೋಲುತ್ತದೆ. ಅಲ್ಲಿ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಒತ್ತಿ ಪಡಿಯಚ್ಚು ತೆಗೆಯಬೇಕು, ಬೆರಳಿನಿಂದ ತಡವಿ ನೋಡಬೇಕು. ರೈಸ್ ಆ ಚಿತ್ರಗಳಿಂದ ಹೊರಟು ಊರೂರಿಗೆ ಹೋದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶ್ರವಣಬೆಳಗೊಳ ಸಂಪುಟ ೧೮೮೯ರಲ್ಲಿ ಹೊರಬಂದಾಗ ಅದರಲ್ಲಿ ೧೪೪ ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನು ಮತ್ತೆ ಹತ್ತಿ ೧೯೨೩ರಲ್ಲಿ ಪರಿಷ್ಕರಿಸಿದಾಗ ಆ ಸಂಖ್ಯೆ ೫೦೦ಕ್ಕೆ ಏರಿತು. ಬೆಟ್ಟ ಅದೇ, ಬಂಡೆ ಅದೇ. ನೋಡುವ ಕಣ್ಣು ಮತ್ತೊಮ್ಮೆ ಹೋಗಿಬಂದದ್ದು ಮಾತ್ರ ವ್ಯತ್ಯಾಸ.

ಹಂಪೆಗೆ ಮರಳಿ ಬರೋಣ. ಗ್ರೀನ್‌ಲಾ ೧೮೭೦ರಲ್ಲಿ ತೀರಿಕೊಂಡ. ಅವನ ಮೇಣಗಾಗದಗಳು ನಾಡಿನ ನೆನಪಿನಿಂದ ಮರೆಯಾಗಿ ಇಂಗ್ಲೆಂಡಿನ ಯಾವುದೋ ಮನೆಯಲ್ಲಿ ಉಳಿದವು. ಕನ್ನಡಿಗರನ್ನು ಹಂಪೆಯು ಎಚ್ಚರಿಸಿದ ಘಟ್ಟದಲ್ಲಿ ಆ ಚಿತ್ರಗಳ ಪಾತ್ರ ಏನೂ ಇರಲಿಲ್ಲ. ಸಿವೆಲ್ ಅವರ ಗ್ರಂಥವು ೧೯೦೦ರಲ್ಲಿ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ವಿದ್ವಾಂಸರ ಕುತೂಹಲವನ್ನು ಕೆರಳಿಸಿತ್ತು. ೧೯೦೫ರಲ್ಲಿ ಆಲೂರು ವೆಂಕಟರಾಯರು ಆನೆಗೊಂದಿ ಹಂಪೆಗಳ ಯಾತ್ರೆ ಮಾಡಿದರು. ಆ ಅವಶೇಷಗಳ ನಡುವೆ ತಮಗಾದ ಅನುಭವವೇ ಕರ್ನಾಟಕತ್ವದ ಅರಿವಿಗೆ ಮೂಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ೧೯೧೭ರ ‘ಕರ್ನಾಟಕ ಗತವೈಭವ’ವು ಅದರ ಫಲ. ಬೊಂಬಾಯಿ, ಮದರಾಸು, ನಿಜಾಮ, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ ಒಂದು ನಾಡಿನ ಆಕಾರವನ್ನು ತೋರಿಸಿದ ಆ ಪುಸ್ತಕದ ಹಿಂದೆ ಇದ್ದುದು ಒಬ್ಬ ಯಾತ್ರಿಕನ ಕಾಲ್ನಡಿಗೆ. ಕ್ಯಾಮೆರಾ ಇಲ್ಲದ ಯಾತ್ರಿಕ.

ಮೇಣಗಾಗದಗಳು ಮತ್ತೆ ಬೆಳಕಿಗೆ ಬಂದದ್ದು ೧೯೮೦ರಲ್ಲಿ. ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ ಹಂಪೆಯಲ್ಲಿ ತಮ್ಮ ಸಂಶೋಧನೆಯನ್ನು ಆರಂಭಿಸಿದ ಕಾಲವೂ ಅದೇ. ಅವರೊಡನೆ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಆ ಹಳೆಯ ಚಿತ್ರಗಳ ಪ್ರತಿಗಳನ್ನು ಹಿಡಿದುಕೊಂಡು ಹಂಪೆಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗದಿಂದಲೇ ಅದೇ ನೋಟವನ್ನು ಮತ್ತೆ ಸೆರೆಹಿಡಿದ. ಇದು ಕೇಳುವಷ್ಟು ಸುಲಭವಲ್ಲ. ಹತ್ತಿರದ ಕಂಬದ ಅಂಚು ದೂರದ ಗುಡ್ಡದ ಯಾವ ಬಂಡೆಗೆ ತಾಗುತ್ತದೆಂದು ಹಳೆಯ ಚಿತ್ರದಲ್ಲಿ ನೋಡಬೇಕು; ಅದೇ ಕೂಟ ಕಣ್ಣೆದುರು ಬರುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯಬೇಕು. ಒಂದು ಹೆಜ್ಜೆ ತಪ್ಪಿದರೂ ಅಂಚುಗಳು ಬೇರೆಯಾಗುತ್ತವೆ. ಒಬ್ಬನ ಚಿತ್ರವು ನೂರಿಪ್ಪತ್ತೇಳು ವರ್ಷಗಳ ಬಳಿಕ ಮತ್ತೊಬ್ಬನ ಪಾದಗಳನ್ನು ಒಂದು ಗೊತ್ತಾದ ನೆಲದ ಮೇಲೆ ನಿಲ್ಲಿಸಿತು.

ಆ ಜೋಡಿಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವುದು ಕೇವಲ ನಾಶವಲ್ಲ. ಗಿಡಗಂಟಿಗಳು ಮುಚ್ಚಿಕೊಂಡಿದ್ದ ಕಟ್ಟಡಗಳು ಎರಡನೆಯ ಚಿತ್ರದಲ್ಲಿ ತೆರವಾಗಿ ನಿಂತಿವೆ; ಬೀಳುತ್ತಿದ್ದ ತೊಲೆಗಳಿಗೆ ಆಧಾರ ಸಿಕ್ಕಿದೆ. ಹಾಗೆಯೇ ಇಟ್ಟಿಗೆ ಗಾರೆಗಳ ಕೆಲಸ ಎಷ್ಟೋ ಕಡೆ ಕರಗಿಹೋಗಿದೆ. ವಿಜಯನಗರದ ಶಿಲ್ಪಿಗಳು ಕಲ್ಲಿನಲ್ಲಿ ಕಟ್ಟಿ ಇಟ್ಟಿಗೆ ಗಾರೆಗಳಲ್ಲಿ ಮುಗಿಸುತ್ತಿದ್ದರು. ಕಲ್ಲು ಉಳಿದು ಗಾರೆ ಹೋದಾಗ ಉಳಿದ ಕಲ್ಲೇ ಅವರ ಕೃತಿಯೆಂದು ನಾವು ಎಣಿಸಿದೆವು. ರಥದ ಶಿಖರವನ್ನು ಇಳಿಸಿದವರಿಗೂ ಬಹುಶಃ ಹಾಗೆಯೇ ಅನಿಸಿರಬೇಕು: ಇಟ್ಟಿಗೆಯ ಭಾರದಿಂದ ಕಲ್ಲಿನ ಕೆತ್ತನೆಗೆ ಕೇಡಾಗದಿರಲಿ ಎಂದು.

ಗ್ರೀನ್‌ಲಾನ ಋಣಪ್ರತಿಗಳು ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿ ಸುರಕ್ಷಿತವಾಗಿವೆ. ಅವುಗಳನ್ನು ಕುರಿತ ಒಂದು ಒಳ್ಳೆಯ ಸಂಪುಟವೂ ೨೦೦೮ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆ. ವಿಠ್ಠಲ ದೇವಾಲಯದ ಅಂಗಳದಲ್ಲಿ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಜನರಿಗೆ ದಿನವೂ ಕೊರತೆಯಿಲ್ಲ. ಗ್ರೀನ್‌ಲಾ ತನ್ನ ಮುಕ್ಕಾಲಿಯನ್ನು ಊರಿದ ಆ ಸ್ಥಳದಲ್ಲಿ, ಬಿಸಿಲಿಗೆ ಮಾಸದಂಥ ಒಂದು ಫಲಕದ ಮೇಲೆ, ಅವನ ಚಿತ್ರದ ಪ್ರತಿಯನ್ನು ಕನ್ನಡದ ನಾಲ್ಕು ಸಾಲುಗಳೊಡನೆ ನಿಲ್ಲಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲಲಾರದು. ಹೇಮಕೂಟದ ಬುಡದಲ್ಲಿ ಇನ್ನೊಂದು ಫಲಕವಿಟ್ಟು, ಜಿನಾಲಯವನ್ನು ಅರಸಿ ಬಂದವರಿಗೆ ಕಮಲಾಪುರದ ದಾರಿಯನ್ನೂ ತೋರಿಸಬಹುದು.